ಓಲೆಗರಿ ಓದಿದವರ ಹೆಸರು ಉಳಿಯಿತು, ಕೊಟ್ಟವರ ಹೆಸರು ಕಳೆದುಹೋಯಿತು

ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿದ ಮೈಸೂರಿನ ಲೈಬ್ರರಿಯನ್ ಶಾಮಾಶಾಸ್ತ್ರಿಗಳ ಬದುಕು, ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಮುಗಿಯಿತು ಅಂದುಕೊಳ್ಳುವ ನಮ್ಮ ಕಾಲಕ್ಕೆ ಹೇಳುವುದೇನು?

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಸುದ್ದಿ ಕೇಳಿದವರೆಲ್ಲ ನೀರು ನೋಡಲು ಓಡಿದರು. ಎಲ್ಲ ಪತ್ರಿಕೆಗಳಲ್ಲೂ, ಎಲ್ಲರ ಮೊಬೈಲಿನಲ್ಲೂ ಒಂದೇ ಮಾತು: 1933ರ ನಂತರ ಇದೇ ಮೊದಲು, 89 ವರ್ಷ ಆಯ್ತು.

ಒಂದು ಸಣ್ಣ ಪ್ರಶ್ನೆ. 1933ರಲ್ಲಿ ಕೋಡಿ ಬಿದ್ದಿತ್ತು ಅಂತ ನಮಗೆ ಹೇಗೆ ಗೊತ್ತಾಯ್ತು? ಅವತ್ತು ಕಣ್ಣಾರೆ ಕಂಡು, ನೆನಪಿಟ್ಟು, 2022ರಲ್ಲಿ ಸಾಕ್ಷಿ ಹೇಳಬಲ್ಲವರು ಎಷ್ಟು ಜನ ಉಳಿದಿದ್ದಾರು? ನೀರಿನ ಮಟ್ಟವನ್ನು ಯಾರೋ ಅಳೆದರು, ಇಸವಿ ಹಾಕಿ ಬರೆದರು. ಆಮೇಲೆ ಬಂದವರು ಅದನ್ನು ಎಸೆಯದೆ ಇಟ್ಟುಕೊಂಡರು, ಬೇಕಾದಾಗ ತೆಗೆದು ಓದಿದರು. ಬರೆಯುವುದು, ಇಡುವುದು, ಓದುವುದು ಈ ಮೂರರಲ್ಲಿ ಒಂದು ತಪ್ಪಿದ್ದರೂ 89 ವರ್ಷ ಅನ್ನೋ ಲೆಕ್ಕ ನಮ್ಮ ಬಾಯಿಗೆ ಬರುತ್ತಿರಲಿಲ್ಲ.

ವೇದಾವತಿಗೆ ಅಡ್ಡಲಾಗಿ ಈ ಅಣೆಕಟ್ಟೆ ಕಟ್ಟಲು ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕಣಿವೆ ಮಾರಮ್ಮನ ಜಾಗವಾದ್ದರಿಂದ ಜನರ ಬಾಯಲ್ಲಿ ಮಾರಿಕಣಿವೆ. ಆಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿಯ ಹೆಸರಿನಿಂದ ಕಾಗದದಲ್ಲಿ ವಾಣಿವಿಲಾಸ ಸಾಗರ. ಕೆಲಸ ಶುರುವಾದಾಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. ಇದೇ ದಿವಾನರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಇನ್ನೊಂದು ಸಂಗ್ರಹದ ಕೆಲಸ ಶುರುವಾಗಿತ್ತು. ಅಲ್ಲಿ ಕೂಡಿಡುತ್ತಿದ್ದದ್ದು ಓಲೆಗರಿಗಳನ್ನು. ಅದರ ಹೆಸರು ಸರ್ಕಾರಿ ಓರಿಯಂಟಲ್ ಲೈಬ್ರರಿ. ಅಲ್ಲಿಗೆ ಇದೇ ಶೇಷಾದ್ರಿ ಅಯ್ಯರ್ ಅವರ ಮೆಚ್ಚುಗೆ ಗಳಿಸಿ ಲೈಬ್ರರಿಯನ್ ಆಗಿ ಬಂದ ಒಬ್ಬ ಸಂಸ್ಕೃತ ವಿದ್ವಾಂಸರ ಕಥೆ ಇದು.

ರುದ್ರಪಟ್ಟಣದಿಂದ ಮೈಸೂರಿಗೆ

ರುದ್ರಪಟ್ಟಣ ಶಾಮಾಶಾಸ್ತ್ರಿಗಳು ಹುಟ್ಟಿದ್ದು 1868ರಲ್ಲಿ. ರುದ್ರಪಟ್ಟಣ ಈಗಿನ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಊರು. ಸಂಗೀತಗಾರರ ಊರು ಅಂತ ಹೆಸರು. ಊರಲ್ಲೇ ಸಂಸ್ಕೃತದ ಮೊದಲ ಪಾಠವಾಯಿತು. ಆಮೇಲೆ ಮೈಸೂರಿನ ಸಂಸ್ಕೃತ ಪಾಠಶಾಲೆ ಸೇರಿ ವಿದ್ವತ್ ಪರೀಕ್ಷೆ ಪಾಸು ಮಾಡಿದರು. ಅಷ್ಟಕ್ಕೇ ನಿಲ್ಲದೆ ಇಂಗ್ಲಿಷ್ ಕಲಿತು, 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದರು.

ಆ ಕಾಲದಲ್ಲಿ ಈ ಎರಡು ಓದು ಒಬ್ಬರಲ್ಲೇ ಸೇರೋದು ಅಪರೂಪ. ಶಾಸ್ತ್ರ ಓದಿದವರ ದಾರಿ ಬೇರೆ, ಕಾಲೇಜು ಓದಿದವರ ದಾರಿ ಬೇರೆ ಆಗಿತ್ತು. ಶಾಸ್ತ್ರಿಗಳಿಗೆ ಎರಡೂ ಕಡೆಯ ಬಾಗಿಲು ತೆರೆದಿತ್ತು. ಹಳೆಯ ಗ್ರಂಥವನ್ನು ಅದರ ಒಳಗಿನವರಂತೆ ಓದಬಲ್ಲರು, ಅದನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ವಿವರಿಸಲೂ ಬಲ್ಲರು. ಮುಂದೆ ನಡೆದದ್ದಕ್ಕೆ ಈ ಎರಡೂ ಬೇಕಾಗಿದ್ದವು.

ಲೈಬ್ರರಿ ಇದ್ದದ್ದು ಮೈಸೂರಿನ ಜುಬಿಲಿ ಕಟ್ಟಡದಲ್ಲಿ. ವಿಕ್ಟೋರಿಯಾ ರಾಣಿಯ ಪಟ್ಟದ 50 ವರ್ಷದ ನೆನಪಿಗೆ 1887ರಲ್ಲಿ ಅಡಿಪಾಯ ಹಾಕಿದ ಕಟ್ಟಡ ಅದು. ಓಲೆಗರಿ ಕಟ್ಟು ಅಂದರೆ ಏನು ಅಂತ ಈಗಿನ ಹುಡುಗರಿಗೆ ಸ್ವಲ್ಪ ಹೇಳಬೇಕು. ಹದ ಮಾಡಿದ ತಾಳೆಗರಿಯ ಮೇಲೆ ಲೋಹದ ಕಂಟದಿಂದ ಕೊರೆದು ಬರೆಯುತ್ತಾರೆ. ಬರೆದದ್ದು ಕಾಣಲಿ ಅಂತ ಮಸಿ ಸವರಿ ಒರೆಸುತ್ತಾರೆ. ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ಉಳಿಯುತ್ತೆ. ಗರಿಗಳಿಗೆ ತೂತು ಹಾಕಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟುತ್ತಾರೆ. ಪದಕ್ಕೂ ಪದಕ್ಕೂ ನಡುವೆ ಜಾಗ ಇರೋದಿಲ್ಲ. ಪುಸ್ತಕದ ಹೆಸರು ಮೊದಲ ಗರಿಯಲ್ಲಿ ಇರಲೇಬೇಕೆಂದೇನೂ ಇಲ್ಲ. ಹುಳ ತಿಂದರೆ ಗರಿ ಪುಡಿಯಾಗುತ್ತೆ, ಒಣಗಿದರೆ ಬಗ್ಗಿಸಿದಾಗ ಮುರಿಯುತ್ತೆ. ಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವ ರೂಢಿ ಇರೋದು ಇದಕ್ಕೇ. ಎಣ್ಣೆ ಗರಿಯನ್ನು ಮೆತ್ತಗೆ ಇಡುತ್ತೆ, ವಾಸನೆ ಹುಳವನ್ನು ದೂರ ಇಡುತ್ತೆ.

ಇಂಥ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಏನಿದೆ ಅಂತ ಓದಿ, ಪಟ್ಟಿ ಮಾಡುವುದು ಲೈಬ್ರರಿಯ ನಿತ್ಯದ ಕೆಲಸ. ಹೊರಗಿನವರಿಗೆ ಕಾಣದ, ಬೇಗ ಮುಗಿಯದ ಕೆಲಸ.

1905ರ ಕಟ್ಟು

1905ರಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಲೈಬ್ರರಿಗೆ ಒಂದು ಕಟ್ಟು ಕೊಟ್ಟರು. ಅದು ಗ್ರಂಥ ಲಿಪಿಯಲ್ಲಿತ್ತು. ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ ಇದು. ಜೊತೆಗೆ ಭಟ್ಟಸ್ವಾಮಿ ಅನ್ನೋ ವ್ಯಾಖ್ಯಾನಕಾರರ ಬರಹದ ಒಂದು ತುಣುಕೂ ಇತ್ತು.

ಶಾಸ್ತ್ರಿಗಳು ಓದಿದರು. ಓದುತ್ತಾ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತು ಹಿಡಿದರು.

ಅರ್ಥಶಾಸ್ತ್ರ ಅನ್ನೋ ಪುಸ್ತಕ ಇತ್ತು ಅಂತ ಸಂಸ್ಕೃತ ಓದಿದವರಿಗೆಲ್ಲ ಗೊತ್ತಿತ್ತು. ದಂಡಿ ಅದರ ಹೆಸರು ಹೇಳಿ, ಆರು ಸಾವಿರ ಶ್ಲೋಕದಷ್ಟು ದೊಡ್ಡದು ಅಂತ ಅಳತೆಯನ್ನೂ ಕೊಟ್ಟಿದ್ದ. ಬಾಣ ಅದನ್ನು ಬೈದಿದ್ದ. ಪಂಚತಂತ್ರದಲ್ಲಿ ಅದರ ಮಾತು ಬರುತ್ತೆ, ಕಾಮಂದಕನ ನೀತಿಸಾರ ನಿಂತಿರುವುದೇ ಅದರ ಮೇಲೆ. ಆದರೆ ಆ ಹೊತ್ತಿಗೆ ವಿದ್ವಾಂಸರ ಕೈಯಲ್ಲಿ ಇಡೀ ಪುಸ್ತಕ ಇರಲಿಲ್ಲ. ಎಲ್ಲೋ ಕಳೆದುಹೋಗಿದೆ ಅಂತ ನಂಬಿದ್ದರು.

ನಿಜ ಹೇಳಬೇಕೆಂದರೆ ಅದು ಕಳೆದುಹೋಗಿರಲಿಲ್ಲ. ತಂಜಾವೂರಿನ ಕಡೆ ಯಾರೋ ಅದನ್ನು ಇಟ್ಟುಕೊಂಡು ಬಂದಿದ್ದರು. ಕಟ್ಟು ಇತ್ತು, ಅದು ಏನು ಅಂತ ಹೊರಗೆ ಹೇಳುವವರು ಇರಲಿಲ್ಲ. ದಂಡಿಯನ್ನು ಓದಿದ್ದ, ಕಾಮಂದಕನನ್ನು ಓದಿದ್ದ, ಗ್ರಂಥ ಲಿಪಿ ಬಲ್ಲ ಒಬ್ಬರ ಕೈಗೆ ಬಂದಾಗ ಅದು ಅರ್ಥಶಾಸ್ತ್ರವಾಯಿತು. ಅದೇ ಕಟ್ಟು ಬೇರೆ ಯಾರ ಕೈಗೋ ಹೋಗಿದ್ದರೆ ಪಟ್ಟಿಯಲ್ಲಿ ಸಂಸ್ಕೃತ, ನೀತಿ, ಅಪೂರ್ಣ ಅಂತ ಒಂದು ಸಾಲು ಬರೆದು ಕಪಾಟಿಗೆ ಸೇರಿಸಿಬಿಡಬಹುದಿತ್ತು.

ಗುರುತು ಹಿಡಿದ ಮೇಲೆ ಶಾಸ್ತ್ರಿಗಳು ಗುಟ್ಟು ಮಾಡಿಕೊಂಡು ಕೂರಲಿಲ್ಲ. ಪೂರ್ತಿ ಕೆಲಸ ಮುಗಿಯುವವರೆಗೂ ಕಾಯದೆ, ಓದಿದ್ದನ್ನು ಓದಿದಂತೆ ಇಂಗ್ಲಿಷಿಗೆ ಅನುವಾದಿಸಿ 1905ರಿಂದಲೇ ನಿಯತಕಾಲಿಕಗಳಲ್ಲಿ ಭಾಗ ಭಾಗವಾಗಿ ಅಚ್ಚು ಹಾಕಿಸಿದರು. 1909ರಲ್ಲಿ ಸಂಸ್ಕೃತ ಮೂಲ ಮೈಸೂರಿನ ಲೈಬ್ರರಿಯ ಗ್ರಂಥಮಾಲೆಯಲ್ಲೇ ಹೊರಬಂತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬೆಂಗಳೂರಿನಲ್ಲಿ ಅಚ್ಚಾಯಿತು. ಶಾಸನತಜ್ಞ ಜೆ.ಎಫ್. ಫ್ಲೀಟ್ ಅದಕ್ಕೆ ಮುನ್ನುಡಿ ಬರೆದರು. ಕಟ್ಟು ಬಂದಾಗ ಶಾಸ್ತ್ರಿಗಳಿಗೆ 37ರ ಆಸುಪಾಸು, ಅನುವಾದ ಪುಸ್ತಕವಾದಾಗ 47. ನಡುವೆ ಹತ್ತು ವರ್ಷ.

ಭಾರತದವರಿಗೆ ಮೋಕ್ಷದ ಚಿಂತೆ ಗೊತ್ತು, ಆಡಳಿತದ ಚಿಂತೆ ಗೊತ್ತಿಲ್ಲ ಅನ್ನೋದು ಆಗ ಯುರೋಪಿನ ಹಲವು ಪಂಡಿತರ ನಂಬಿಕೆ. ಆ ನಂಬಿಕೆಯ ಎದುರಿಗೆ 15 ಅಧಿಕರಣಗಳ, 150 ಅಧ್ಯಾಯಗಳ ಒಂದು ಆಡಳಿತದ ಪುಸ್ತಕ ಬಂದು ಕೂತಿತು. ತೆರಿಗೆ, ಗಣಿ, ಕಾಡು, ತೂಕ, ಅಳತೆ, ಸಂಬಳ, ಕೋರ್ಟು, ಗೂಢಚಾರರು ಎಲ್ಲವೂ ಅದರಲ್ಲಿದ್ದವು.

ಪುಸ್ತಕದೊಳಗಿನ ಕೆರೆ, ಪುಸ್ತಕದೊಳಗಿನ ದಫ್ತರು

ನಮ್ಮ ಬಯಲುಸೀಮೆಯವರು ಈ ಪುಸ್ತಕದಲ್ಲಿ ಎರಡು ಜಾಗ ನೋಡಬೇಕು.

ಒಂದು ನೀರಿನದು. ಹೊಸ ಕೆರೆಕಟ್ಟೆ ಕಟ್ಟಿದವರಿಗೆ ಐದು ವರ್ಷ ತೆರಿಗೆ ಬಿಡಬೇಕು, ಒಡೆದುಹೋದದ್ದನ್ನು ಸರಿ ಮಾಡಿದವರಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದು ಮುಚ್ಚಿದ್ದನ್ನು ಚೊಕ್ಕಟ ಮಾಡಿದವರಿಗೆ ಮೂರು ವರ್ಷ ಅಂತ ಅದರ ಲೆಕ್ಕ. ಮಳೆ ಅಳೆಯಲು ಉಗ್ರಾಣದಲ್ಲಿ ಒಂದು ಮೊಳ ಬಾಯಿಯ ಕುಂಡ ಇಡಬೇಕು ಅಂತಲೂ ಹೇಳುತ್ತೆ. ಮೈಸೂರಿನಲ್ಲಿ ಶಾಸ್ತ್ರಿಗಳು ಇದನ್ನೆಲ್ಲ ಓದಿ ಬಿಡಿಸುತ್ತಿದ್ದ 1905 ಮತ್ತು 1907ರ ನಡುವೆಯೇ ಇಲ್ಲಿ ಮಾರಿಕಣಿವೆಯ ಕೊನೆಯ ಕಲ್ಲುಗಳು ಏರುತ್ತಿದ್ದವು.

ಇನ್ನೊಂದು ದಾಖಲೆಯದು. ಅಕ್ಷಪಟಲ ಅಂತ ಒಂದು ಕಚೇರಿ. ಲೆಕ್ಕಪತ್ರಗಳ ಮನೆ. ಅದರ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕು, ಗುಮಾಸ್ತರು ಕೂರಲು ಬೇರೆ ಬೇರೆ ಜಾಗ ಇರಬೇಕು, ಪುಸ್ತಕಗಳಿಗೆ ಕಪಾಟು ಇರಬೇಕು. ಅಲ್ಲಿ ಏನೇನು ಬರೆದಿಡಬೇಕು ಅನ್ನೋ ಪಟ್ಟಿಯಲ್ಲಿ ಖಜಾನೆಯ ಲೆಕ್ಕದ ಜೊತೆಗೆ ನಾಡುಗಳ, ಹಳ್ಳಿಗಳ, ಜಾತಿಗಳ, ಮನೆತನಗಳ ಕಟ್ಟುಪಾಡು, ನಡಾವಳಿಗಳೂ ಇವೆ. ಲೆಕ್ಕ ತರದವರಿಗೆ, ತಿದ್ದಿದವರಿಗೆ ದಂಡವೂ ಉಂಟು. ದಾಖಲೆ ಹೇಗಿಡಬೇಕು ಅಂತ ಇಷ್ಟು ಕಟ್ಟುನಿಟ್ಟಾಗಿ ಹೇಳಿದ ಪುಸ್ತಕವೇ ಬಹುಕಾಲ ವಿದ್ವಾಂಸರ ಕೈಗೆ ಸಿಗದೆ ಉಳಿದದ್ದು ವಿಚಿತ್ರವೇ ಸರಿ.

ಒಂದು ಪುಸ್ತಕಕ್ಕೆ ಮುಗಿಯದ ಬದುಕು

ಶಾಸ್ತ್ರಿಗಳ ಬದುಕು ಅರ್ಥಶಾಸ್ತ್ರದ ಜೊತೆಗೇ ಮುಗಿಯಲಿಲ್ಲ. 1912ರಲ್ಲಿ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾದರು. 1918ರಲ್ಲಿ ಮತ್ತೆ ಅದೇ ಲೈಬ್ರರಿಗೆ ಕ್ಯುರೇಟರ್ ಆಗಿ ಬಂದರು. ಅಷ್ಟರಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾಗಿ ಲೈಬ್ರರಿ ಅದರ ಕೈಗೆ ಹೋಗಿತ್ತು. ಆಮೇಲೆ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ 1929ರಲ್ಲಿ ನಿವೃತ್ತರಾದರು.

ಅವರ ನಂತರ ಆ ಕುರ್ಚಿಗೆ ಬಂದವರು ಎಂ.ಎಚ್. ಕೃಷ್ಣ. ಚಿತ್ರದುರ್ಗದ ಬುಡದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಬಂಡೆಶಾಸನವನ್ನು ಬೆಳಕಿಗೆ ತಂದವರು. ಆ ಶಾಸನ ಹೇಳೋದು ಏನು ಗೊತ್ತೆ? ಕದಂಬರ ಮಯೂರಶರ್ಮ ಒಂದು ಕೆರೆ ಕಟ್ಟಿಸಿದ ಅಂತ. ನಮ್ಮ ಜಿಲ್ಲೆಯ ಇಷ್ಟು ಹಳೆಯ ದಾಖಲೆಯೂ ನೀರಿನ ದಾಖಲೆಯೇ.

ಸಂಸ್ಕೃತದವರು ಅಂತ ಶಾಸ್ತ್ರಿಗಳನ್ನು ಒಂದು ಕಡೆಗೆ ಸರಿಸುವ ಹಾಗೂ ಇಲ್ಲ. ಕೆಳದಿ ಅರಸರ ಕಥೆ ಹೇಳುವ ಲಿಂಗಣ್ಣ ಕವಿಯ ಕೆಳದಿನೃಪವಿಜಯ, ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ, ನಯಸೇನನ ಧರ್ಮಾಮೃತ, ಕುಮಾರವ್ಯಾಸ ಭಾರತದ ವಿರಾಟಪರ್ವ, ಉದ್ಯೋಗಪರ್ವ ಇವೆಲ್ಲ ಅವರ ಸಂಪಾದನೆಯಲ್ಲಿ ಅಚ್ಚಾದವು. ಅರ್ಥಶಾಸ್ತ್ರದ ಒಂದೊಂದು ಪದವೂ ಎಲ್ಲೆಲ್ಲಿ ಬರುತ್ತೆ ಅಂತ ತೋರಿಸುವ ಪದಸೂಚಿಯನ್ನೂ ಮೂರು ಸಂಪುಟಗಳಲ್ಲಿ ಮಾಡಿಕೊಟ್ಟರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಯಲ್ಲೇ. ಇವತ್ತು ನಾವು ಸರ್ಚ್ ಅನ್ನುತ್ತೇವಲ್ಲ, ಅದೇ ಕೆಲಸ.

ಗೌರವಗಳೂ ಬಂದವು. ಕಲ್ಕತ್ತಾ ವಿಶ್ವವಿದ್ಯಾಲಯ 1921ರಲ್ಲಿ ಡಾಕ್ಟರೇಟ್ ಕೊಟ್ಟಿತು. ಸರ್ಕಾರ ಮಹಾಮಹೋಪಾಧ್ಯಾಯ ಅಂತ ಕರೆಯಿತು. ಮೈಸೂರಿನ ಕಡೆ ಒಂದು ಕಥೆ ಹೇಳುತ್ತಾರೆ. ಮಹಾರಾಜರು ಯುರೋಪಿಗೆ ಹೋದಾಗ ಜರ್ಮನಿಯ ವಿದ್ವಾಂಸರೊಬ್ಬರು, ಮೈಸೂರು ಅಂದರೆ ಶಾಮಾಶಾಸ್ತ್ರಿಗಳ ಊರಾ ಅಂತ ವಿಚಾರಿಸಿದರಂತೆ. ಕಥೆಗೆ ಎಷ್ಟು ಬಣ್ಣ ಸೇರಿದೆಯೋ ಬಿಡಿ. ಲೈಬ್ರರಿಯ ಕೆಲಸಗಾರರೊಬ್ಬರಿಂದ ಊರಿಗೆ ಹೆಸರು ಬರಬಹುದು ಅಂತ ಜನ ನಂಬಿದ್ದರು ಅನ್ನೋದಂತೂ ಅದರಿಂದ ಗೊತ್ತಾಗುತ್ತೆ.

1943ರಲ್ಲಿ ಲೈಬ್ರರಿಗೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನೋ ಹೊಸ ಹೆಸರು ಬಂತು. ಮರುವರ್ಷ, 1944ರಲ್ಲಿ, ಶಾಸ್ತ್ರಿಗಳು ತೀರಿಕೊಂಡರು. ಆ ಓಲೆಗರಿ ಕಟ್ಟು ಈಗಲೂ ಅಲ್ಲೇ ಇದೆ.

ಅವರ ಪುಸ್ತಕ ಹಳತಾಯಿತು, ಅದೇ ಅದರ ಗೆಲುವು

ಶಾಸ್ತ್ರಿಗಳು ಕೆಲಸ ಮಾಡಿದ್ದು ಒಂದೇ ಹಸ್ತಪ್ರತಿ ಇಟ್ಟುಕೊಂಡು. ನಕಲು ಮಾಡಿದವರ ತಪ್ಪು ಯಾವುದು, ಮೂಲ ಯಾವುದು ಅಂತ ಹೋಲಿಸಿ ನೋಡಲು ಇನ್ನೊಂದು ಪ್ರತಿ ಇಲ್ಲದೆ ಮೊದಲ ಮುದ್ರಣ ಬಂತು. ಅದರಲ್ಲಿ ತಪ್ಪುಗಳಿದ್ದವು. ಆದರೆ ಅದು ಅಚ್ಚಾದ ಮೇಲೆ ಬೇರೆ ಪ್ರತಿಗಳಿಗೂ ಹುಡುಕಾಟ ನಡೆಯಿತು. ತಿರುವನಂತಪುರದಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ, ಗುಜರಾತಿನ ಪಾಟಣದಲ್ಲಿ ಪೂರ್ತಿಯೋ ತುಣುಕೋ ಪ್ರತಿಗಳು ಸಿಕ್ಕವು. ಶಾಸ್ತ್ರಿಗಳು 1919ರಲ್ಲಿ ತಮ್ಮ ಮುದ್ರಣವನ್ನೇ ತಿದ್ದಿ ಮತ್ತೆ ತಂದರು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು, ಜರ್ಮನಿಯ ಯಾಲಿ ಬೇರೆ ಮುದ್ರಣ ತಂದರು. 1960ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಆರ್.ಪಿ. ಕಂಗ್ಲೆ ಎಲ್ಲ ಪ್ರತಿಗಳನ್ನೂ ಹೋಲಿಸಿ ಇನ್ನೂ ಚೊಕ್ಕವಾದ ಪಾಠ ಕೊಟ್ಟರು.

ಇದು ಚಂದ್ರಗುಪ್ತ ಮೌರ್ಯನ ಮಂತ್ರಿ ಚಾಣಕ್ಯನೇ ಬರೆದದ್ದು ಅಂತ ಶಾಸ್ತ್ರಿಗಳು ನಂಬಿದ್ದರು. ಪ್ಯಾಟ್ರಿಕ್ ಒಲಿವೆಲ್ ಮೊದಲಾದ ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಹಲವು ಕಾಲದ ಪದರಗಳು ಸೇರಿ, ಮೌರ್ಯರ ನಂತರ ಈ ರೂಪಕ್ಕೆ ಬಂದದ್ದು ಅನ್ನುತ್ತಾರೆ. ಈ ಜಗಳ ನಡೆಯಲು ಸಾಧ್ಯವಾದದ್ದೇ ಪಠ್ಯ ಎಲ್ಲರ ಕೈಗೆ ಸಿಕ್ಕಿದ್ದರಿಂದ. ಕಪಾಟಿನಲ್ಲಿ ಬೀಗ ಹಾಕಿಟ್ಟ ಕಟ್ಟಿನ ಬಗ್ಗೆ ಯಾರು ತಾನೇ ತಪ್ಪು ಹುಡುಕುತ್ತಾರೆ?

ಈ ಕಥೆಯಲ್ಲಿ ಒಂದು ತೂತು ಇದೆ. ತಂಜಾವೂರಿನ ಪಂಡಿತರ ಹೆಸರು ಏನು? ಇಷ್ಟು ದೊಡ್ಡ ಪುಸ್ತಕವನ್ನು ಉಳಿಸಿಕೊಂಡು ಬಂದ ಮನೆ ಯಾವುದು, ಊರು ಯಾವುದು? ಚರಿತ್ರೆಯಲ್ಲಿ ಅವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ, ಅಷ್ಟೆ. ಆ ಒಂದು ಸಾಲು ಬರೆದಿಟ್ಟಿದ್ದರೆ, ಅದೇ ಮನೆಯಲ್ಲಿ ಇನ್ನೇನಿತ್ತು, ಅವರಿಗೆ ಅದು ಎಲ್ಲಿಂದ ಬಂತು ಅಂತ ಹುಡುಕಬಹುದಿತ್ತು. ಇದು ಶಾಸ್ತ್ರಿಗಳ ಮೇಲಿನ ದೂರಲ್ಲ. ಕೊಟ್ಟವರ ವಿವರಕ್ಕೆ ಇವತ್ತು ಇರುವ ಬೆಲೆ ಆಗ ಇರಲಿಲ್ಲ. ಆದರೆ ನಮಗೆ ಆ ನೆಪ ಇಲ್ಲ.

ಸ್ಕ್ಯಾನ್ ಮಾಡಿದರೆ ಮುಗಿಯಿತಾ?

2003ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಮಿಷನ್ ಶುರುವಾಯಿತು. 2025ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆ ಮಾಡುತ್ತೇವೆ ಅಂದರು. ಒಳ್ಳೆಯದೇ. ಆದರೆ ಕೋಟಿ ಲೆಕ್ಕದ ಕೆಲಸದಲ್ಲಿ ಅಪಾಯ ಒಂದಿದೆ. ದಿನಕ್ಕೆ ಎಷ್ಟು ಪುಟ ಸ್ಕ್ಯಾನ್ ಆಯ್ತು ಅನ್ನೋದೇ ಅಳತೆಯಾಗಿಬಿಡುತ್ತೆ. ಎಷ್ಟು ಓದಲಾಯ್ತು ಅನ್ನೋದು ಯಾರಿಗೂ ಬೇಡವಾಗುತ್ತೆ.

ಸ್ಕ್ಯಾನ್ ಅಂದರೆ ಫೋಟೋ, ಅಷ್ಟೆ. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಯ ಓಲೆಗರಿಯ ಫೋಟೋವನ್ನು ಹಾರ್ಡ್‌ಡಿಸ್ಕಿಗೆ ಹಾಕಿ, ಫೈಲಿಗೆ ಒಂದು ನಂಬರು ಕೊಟ್ಟುಬಿಟ್ಟರೆ, ತಂಜಾವೂರಿನ ಅಟ್ಟದಿಂದ ಮೈಸೂರಿನ ಹಾರ್ಡ್‌ಡಿಸ್ಕಿಗೆ ಬಂದಂತಾಯಿತೇ ಹೊರತು ಹೆಚ್ಚೇನೂ ಆಗಲಿಲ್ಲ. ಹೆಸರಿಲ್ಲದ ಕಟ್ಟು ಹೆಸರಿಲ್ಲದ ಫೈಲ್ ಆಯಿತು. ಮೇಲಾಗಿ ಓಲೆಗರಿ ಕೆಲವು ನೂರು ವರ್ಷ ಬಾಳುತ್ತೆ, ಹಾರ್ಡ್‌ಡಿಸ್ಕ್ ಕೆಲವೇ ವರ್ಷ. ಇಪ್ಪತ್ತು ವರ್ಷದ ಹಿಂದೆ ಸಿ.ಡಿ.ಗೆ ಬರೆದಿಟ್ಟ ಮದುವೆ ವಿಡಿಯೋ ಈಗ ಓಡುತ್ತಾ ಅಂತ ನಿಮ್ಮ ಮನೆಯಲ್ಲೇ ನೋಡಿ.

ಹಾಗಾಗಿ ಡಿಜಿಟಲೀಕರಣ ಅಂದರೆ ಕನಿಷ್ಠ ಇಷ್ಟಾದರೂ ಆಗಬೇಕು. ಕೃತಿ, ಲಿಪಿ, ಭಾಷೆ, ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಸಾಲು, ಕೊಟ್ಟವರ ಹೆಸರು, ಊರು ಎಲ್ಲವನ್ನೂ ಕೊಟ್ಟವರ ಒಪ್ಪಿಗೆ ಪಡೆದು ಚಿತ್ರದ ಜೊತೆಗೇ ಬರೆಯಬೇಕು. ಒಂದೇ ಕಟ್ಟಡದಲ್ಲಿ ಇಡದೆ ಎರಡು ಮೂರು ಊರುಗಳಲ್ಲಿ ಪ್ರತಿ ಇಡಬೇಕು. ಫೈಲು ಕೆಟ್ಟಿಲ್ಲ ಅಂತ ವರ್ಷವರ್ಷ ಪರೀಕ್ಷೆ ಮಾಡಬೇಕು, ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಬೇಕು. ಜನ ಮನೆಯಲ್ಲೇ ಕೂತು ತೆಗೆದು ನೋಡುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಲಿಪಿ ಓದಬಲ್ಲ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಕಾಯಂ ಕೆಲಸ ಕೊಡಬೇಕು. ಶೇಷಾದ್ರಿ ಅಯ್ಯರ್ ಲೈಬ್ರರಿ ಮಾಡಿ ಸುಮ್ಮನಾಗಲಿಲ್ಲ, ಅದನ್ನು ಓದುವವರೊಬ್ಬರಿಗೆ ಸಂಬಳದ ಕೆಲಸವನ್ನೂ ಕೊಟ್ಟರು. ಈ ಎರಡನೇ ಅರ್ಧವನ್ನು ನಾವು ಮರೆಯುತ್ತಿದ್ದೇವೆ.

ಯಾವುದನ್ನು ಉಳಿಸಬೇಕು ಅನ್ನೋದೂ ಪ್ರಶ್ನೆಯೇ. ಹಸ್ತಪ್ರತಿ ಅಂದ ಕೂಡಲೇ ವೇದ, ಪುರಾಣ, ಕಾವ್ಯ ನೆನಪಾಗುತ್ತೆ. ನಮ್ಮ ಕಡೆಯ ಹಳೆಯ ಶಾನುಭೋಗರ ಮನೆಗಳಲ್ಲಿ, ಮಠಗಳಲ್ಲಿ, ನಾಟಿ ವೈದ್ಯರ ಮನೆಗಳಲ್ಲಿ ಇರುವಂಥದ್ದು ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆದ ಕಡತಗಳು. ಅದರಲ್ಲಿ ಯಾರ ಹೊಲ ಎಲ್ಲಿಗೆ, ಯಾರಿಗೆ ಎಷ್ಟು ನೀರು, ಯಾವ ವರ್ಷ ಬರ, ಯಾವ ಬೇರು ಯಾವ ಜ್ವರಕ್ಕೆ ಅಂತ ಇರುತ್ತೆ. ಬಳಪದ ಅಕ್ಷರ ಒದ್ದೆ ಕೈ ತಾಗಿದರೆ ಅಳಿಸಿಹೋಗುತ್ತೆ. ಹಳ್ಳಿ, ಮನೆತನಗಳ ನಡಾವಳಿಯನ್ನೂ ಬರೆದಿಡಿ ಅಂತ ಅರ್ಥಶಾಸ್ತ್ರವೇ ಹೇಳಿರುವಾಗ, ಇವನ್ನು ಕೈಬಿಟ್ಟು ಅರ್ಥಶಾಸ್ತ್ರದ ಓಲೆಗರಿಯನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಏನು ಪ್ರಯೋಜನ?

ಅಟ್ಟದ ಮೇಲೆ ಅಂಥದ್ದೇನಾದರೂ ಇದ್ದರೆ ಹಳೇ ಪೇಪರಿನವನಿಗೆ ಹಾಕಬೇಡಿ, ದೇವರ ಮನೆಯಲ್ಲಿಟ್ಟು ಕುಂಕುಮವನ್ನೂ ಹಚ್ಚಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದು ಯಾರದು, ಎಲ್ಲಿಂದ ಬಂತು ಅಂತ ಕೇಳಿ ಒಂದು ಚೀಟಿ ಬರೆದು ಜೊತೆಗಿಡಿ. ಆಮೇಲೆ ಓದಬಲ್ಲವರಿಗೆ ತೋರಿಸಿ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಈ ಸಲ ಸಾವಿರಾರು ಮೊಬೈಲುಗಳಲ್ಲಿ ಅದರ ವಿಡಿಯೋ ಇದೆ. ಇನ್ನು 89 ವರ್ಷ ಕಳೆದ ಮೇಲೆ ಆ ವಿಡಿಯೋಗಳಲ್ಲಿ ಎಷ್ಟು ತೆರೆಯುತ್ತವೋ ಗೊತ್ತಿಲ್ಲ. ತಾರೀಖು, ಅಡಿ, ಇಂಚು ಹಾಕಿ ಬರೆದ ಒಂದು ಸಾಲನ್ನು ಮಾತ್ರ ಯಾರಾದರೂ ಕಾಪಾಡಿದರೆ, ಅವತ್ತಿನ ಹುಡುಗರೂ ಲೆಕ್ಕ ಹೇಳುತ್ತಾರೆ.